ಒಂಬತ್ತು ವರ್ಷದ ಮಗಳ ಖಿನ್ನತೆಗೆ ಯಾವ ಔಷಧಿ?

ವೈದ್ಯರು ಮಗಳಿಗೆ ಖಿನ್ನತೆಯ ಔಷಧಿ ಫ್ಲುಯೊಕ್ಸೆಟಿನ್ ಬರೆದಿದ್ದಾರೆ, ಅದೇ ಬಗೆಯ, ನಿಮಗೆ ಒಗ್ಗಿರುವ ಎಸ್ಸಿಟಲೋಪ್ರಾಮ್ ಅವಳಿಗೂ ಆಗದೇ ಎಂದು ಕೇಳಿದ್ದೀರಿ. ಈ ವಯಸ್ಸಿಗೆ ಅವರ ಆಯ್ಕೆಯೇ ಸರಿ. ಮಕ್ಕಳ ಖಿನ್ನತೆಯಲ್ಲಿ ಹೆಚ್ಚು ಪುರಾವೆ ಇರುವುದು ಫ್ಲುಯೊಕ್ಸೆಟಿನ್‌ಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 8 ವರ್ಷದಿಂದ ಒಪ್ಪಿಗೆ ಕೊಟ್ಟಿದೆ. ಖಿನ್ನತೆಗೆ ಎಸ್ಸಿಟಲೋಪ್ರಾಮ್ ಆದರೆ 12 ತುಂಬಿರಬೇಕು. ನಿಮ್ಮ ಮಾತ್ರೆ ಮುರಿದು ಕೊಡಲೇಬೇಡಿ.

ಸಾಮಾನ್ಯವಾಗಿ ಶುರು ಮಾಡುವುದು ದಿನಕ್ಕೆ 10 ಮಿ.ಗ್ರಾಂ., ಪುಟ್ಟ ಮೈಯಾದರೆ ಇನ್ನೂ ಕಡಿಮೆ. ಬೆಳಿಗ್ಗೆ ಕೊಡಿ, ರಾತ್ರಿ ಕೊಟ್ಟರೆ ನಿದ್ದೆ ಕೆಡಬಹುದು. ಸಿರಪ್ ಆದರೆ ಲೇಬಲ್ ಓದಿ: 5 ಮಿ.ಲೀ.ಗೆ 20 ಮಿ.ಗ್ರಾಂ. ಇದ್ದರೆ 10 ಮಿ.ಗ್ರಾಂ. ಅಂದರೆ 2.5 ಮಿ.ಲೀ. ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆಯಿರಿ.

ಗುಣ ಕಾಣಲು 4ರಿಂದ 6 ವಾರ ಬೇಕು. ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಹಾಜರು. ಹೊಟ್ಟೆನೋವು, ತಲೆನೋವು ಹೆಚ್ಚಾಗಿ ತಾನೇ ಇಳಿಯುತ್ತದೆ. ಆದರೆ ಕೂತಲ್ಲಿ ಕೂರದ ಚಡಪಡಿಕೆ, ಹೊಸದಾಗಿ ಸಿಡುಕು, ಸಾಯುವ ಮಾತು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಡೋಸ್ ಏರಿಸಿದಾಗಲೂ ಇದೇ ಎಚ್ಚರ. ಮನೆತನದಲ್ಲಿ ಬೈಪೋಲಾರ್ (ಖಿನ್ನತೆ ಮತ್ತು ಅತಿ ಉತ್ಸಾಹದ ನಡುವೆ ಮನಸ್ಸು ಏರಿಳಿಯುವ ಕಾಯಿಲೆ) ಇದ್ದರೆ ಮುಚ್ಚಿಡಬೇಡಿ, ಔಷಧಿಯ ಲೆಕ್ಕಾಚಾರವೇ ಬದಲಾಗುತ್ತದೆ.

ಅಂದಹಾಗೆ, ಆಪ್ತಸಮಾಲೋಚನೆ ಶುರುವಾಗಿದೆಯೇ? ಈ ವಯಸ್ಸಿನಲ್ಲಿ ಮೊದಲ ಹೆಜ್ಜೆ ಅದೇ, ಮಾತ್ರೆ ಅದರ ಜೊತೆಗೆ. ಚೇತರಿಸಿಕೊಂಡ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.