ಪಾಲಿಶ್ ಹೊಡೆಯುವ ಮುಂಚೆಯೇ ಮಂಚ ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿ ಹೊಸ ಮನೆಗೆ ಬಂದಿದ್ದೇವೆ. ಹೊಸ ವಾರ್ಡ್‌ರೋಬ್ ಬಾಗಿಲು ತೆಗೆದರೆ ಕಣ್ಣು ಉರಿಯುತ್ತದೆ. ಎರಡು ತಿಂಗಳಲ್ಲಿ ಹೆರಿಗೆ. ಮಂಚ, ಬೀರು ಸೆಕೆಂಡ್ ಹ್ಯಾಂಡ್ ತಗೊಂಡರೆ ಈ ಘಾಟು ತಪ್ಪುತ್ತದಾ?

ಉತ್ತರ: ಬಹಳ ಮಟ್ಟಿಗೆ ತಪ್ಪುತ್ತದೆ. ಆದರೆ ಹಳೆಯದು ಅಂದ ಮಾತ್ರಕ್ಕೆ ಸಾಲದು, ಅದು ಯಾವುದರಿಂದ ಮಾಡಿದ್ದು ಅಂತ ನೋಡಬೇಕು.

ನಿಮ್ಮ ಕಣ್ಣು ಉರಿಸುತ್ತಿರುವುದು ಬಹುಶಃ ಫಾರ್ಮಾಲ್ಡಿಹೈಡ್. ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳಲ್ಲಿ ಮರದ ಪುಡಿಯನ್ನು ಹಿಡಿದಿಡುವ ಯೂರಿಯಾ ಅಂಟಿನಿಂದ ಈ ಅನಿಲ ಹೊರಬರುತ್ತದೆ. ಮೊದಲ ಕೆಲವು ತಿಂಗಳು ಜಾಸ್ತಿ, ಆಮೇಲೆ ಇಳಿಯುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಸೆಕೆ, ತೇವ ಹೆಚ್ಚಾದರೆ ಹಳೇ ಬೋರ್ಡೂ ಮತ್ತೆ ಬಿಡುತ್ತದೆ. ಹಾಗಾಗಿ ಅಂಚು ಉಬ್ಬಿದ, ಲ್ಯಾಮಿನೇಟ್ ಕಿತ್ತುಬಂದ ಹಳೇ ಬೋರ್ಡ್ ಬೀರು ಬೇಡ. ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕ ಎಂದು ಹೇಳಿತು. ಗಾಬರಿಯಾಗಬೇಡಿ. ಅದಕ್ಕೆ ಮುಖ್ಯ ಆಧಾರ ಕೆಲಸದ ಜಾಗದಲ್ಲಿ ವರ್ಷಗಟ್ಟಲೆ ಉಸಿರಾಡಿದವರ ಅಧ್ಯಯನಗಳು. ಮನೆಯಲ್ಲಿ ಹೆಚ್ಚಾಗಿ ಕಾಡುವುದು ಕಣ್ಣು ಗಂಟಲಿನ ಉರಿ, ಕೆಮ್ಮು.

ತೇಗ, ಹೊನ್ನೆ, ಹಲಸಿನ ಹಳೇ ಮಂಚ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ, ಒಂದು ವಿಷಯ ಇಲ್ಲದಿದ್ದರೆ. ಅಂಗಡಿಯವರು ಮಾರುವ ಮುಂಚೆ ಉಜ್ಜಿ ಹೊಸ ಪಾಲಿಶ್ ಹೊಡೆದಿಡುತ್ತಾರೆ. ಆ ಥಿನ್ನರ್, ಮೆಲಮೈನ್ ಪಾಲಿಶ್‌ನ ವಾಸನೆ ವಾರಗಟ್ಟಲೆ ಮನೆಯಲ್ಲಿ ಉಳಿಯಬಹುದು. ಹಳೇದನ್ನು ಕೊಂಡ ಉದ್ದೇಶವೇ ಹಾಳಾಗುತ್ತದೆ, ಅಲ್ವಾ? ‘ಪಾಲಿಶ್ ಬೇಡ, ಇದ್ದ ಹಾಗೇ ಕೊಡಿ’ ಅನ್ನಿ. ಡ್ರಾಯರ್ ಎಳೆದು ಮೂಗಿಟ್ಟು ನೋಡಿ. ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಬಿದ್ದಿದೆ. ಅದಕ್ಕೆ ಔಷಧಿ ಹೊಡೆಸುವುದಾದರೆ ಬಿಟ್ಟುಬಿಡಿ.

ಬಣ್ಣ ಬಳಿದ ಹಳೇ ತೊಟ್ಟಿಲು ಮಾತ್ರ ಬೇಡವೇ ಬೇಡ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಮಗು ಕಚ್ಚಿದರೂ ಅಪಾಯ, ನೀವು ಉಜ್ಜಿದರೂ ಅಪಾಯ. ಹಳೇ ಫೋಮ್ ಹಾಸಿಗೆಯೂ ಬೇಡ, ತಿಗಣೆ ಬರುತ್ತದೆ. ಬಟ್ಟೆಗೆ ಹಳೇ ಸ್ಟೀಲ್ ಬೀರು ಒಳ್ಳೆಯದು, ಹೊಸದಾಗಿ ಪೇಂಟ್ ಮಾಡಿಸಬೇಡಿ.

ಈಗಿರುವ ವಾರ್ಡ್‌ರೋಬ್‌ಗೆ ಇವತ್ತೇ ಮಾಡಬಹುದಾದ್ದು: ಎದುರುಬದುರು ಕಿಟಕಿ ತೆಗೆದು, ಅದರ ಬಾಗಿಲನ್ನೂ ಹಗಲೆಲ್ಲ ತೆರೆದಿಡಿ. ಬರಿದಾಗಿರುವ ಅಂಚು, ಸ್ಕ್ರೂ ತೂತುಗಳನ್ನು ಬಡಗಿಯಿಂದ ಟೇಪ್ ಹಾಕಿಸಿ ಮುಚ್ಚಿಸಿ. ಊದುಬತ್ತಿ, ರೂಮ್ ಫ್ರೆಶ್‌ನರ್‌ನಿಂದ ವಾಸನೆ ಅಡಗಿಸಬೇಡಿ, ಗಾಳಿ ಇನ್ನಷ್ಟು ಕೆಡುತ್ತದೆ. ಮಗುವಿನ ಬಟ್ಟೆಗಳನ್ನು ಸದ್ಯಕ್ಕೆ ಅದರಲ್ಲಿಡದೆ ಬುಟ್ಟಿಯಲ್ಲಿಡಿ.