ಕೆಂಪು ಶೂ ಹಾಕಿದವರ ಸಾಕ್ಷ್ಯಚಿತ್ರ ಬೇರೆ

ಅಮೆರಿಕದ ರೇಡಿಯೋ ಕತೆಗಾರ ಗ್ಯಾರಿಸನ್ ಕೀಲರ್ ಬಗೆಗಿನ ಸಾಕ್ಷ್ಯಚಿತ್ರ ಅಂದರೆ 2006ರ ರಾಬರ್ಟ್ ಆಲ್ಟ್‌ಮನ್ ಸಿನಿಮಾನೇನಾ ಅಂತ ಕೇಳಿದ್ದೀರಿ. ಅಲ್ಲ. ಅದು ಕಟ್ಟುಕತೆ. ಕೀಲರ್ ಅದಕ್ಕೆ ಚಿತ್ರಕತೆ ಬರೆದು, ತಾವೂ ನಟಿಸಿದ್ದಾರೆ. ಸಾಕ್ಷ್ಯಚಿತ್ರ ಪೀಟರ್ ರೋಸೆನ್ ಅವರದು, ಆಮೇಲೆ ಬಂದದ್ದು. ಅದರ ಹೆಸರಲ್ಲೇ ಕೆಂಪು ಶೂ ಇದೆ, ಹುಡುಕೋಕೆ ಅಷ್ಟು ಗುರುತು ಸಾಕು.

ಅದರಲ್ಲಿ ಕೀಲರ್ ಕತೆ ಹೇಳುವ ಭಾಗ ಮಾತ್ರ ತಪ್ಪಿಸಬೇಡಿ. ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಮೈಕ್ ಮುಂದೆ ನಿಂತು, ಊರಲ್ಲಿ ಈ ವಾರ ವಿಶೇಷ ಏನಿಲ್ಲ ಅನ್ನೋ ಧಾಟಿಯಲ್ಲಿ ಶುರು ಮಾಡುತ್ತಾರೆ. ಆಮೇಲೆ ನೋಡಿ, ಸುದ್ದಿ ಮುಗಿಯುವುದೇ ಇಲ್ಲ! ಅಸಲಿಗೆ ಲೇಕ್ ವೋಬಿಗಾನ್ ಅನ್ನೋ ಆ ಊರು ಮಿನೆಸೋಟಾದಲ್ಲಿ ಎಲ್ಲೂ ಇಲ್ಲ. ಆದರೂ 1974ರಲ್ಲಿ ಶುರುವಾದ ಅವರ ರೇಡಿಯೋ ಕಾರ್ಯಕ್ರಮವನ್ನು ಜನ ದಶಕಗಟ್ಟಲೆ ಕೇಳಿದರು.

ನೀವು ಬೆಂಗಳೂರಿನವರು ಅಂದಿರಿ, ಅಲ್ವಾ? ಹಾಗಾದರೆ ಮನೆಯ ಹಿರಿಯರನ್ನು ‘ಆಕಾಶವಾಣಿ ಈರಣ್ಣ’ನ ಬಗ್ಗೆ ಕೇಳಿ. ಅಭಿನಯ ತರಂಗ ಅನ್ನೋ ನಾಟಕ ಶಾಲೆ ಕಟ್ಟಿದ ಎ.ಎಸ್. ಮೂರ್ತಿ ಅವರೇ ರೇಡಿಯೋದ ಆ ಈರಣ್ಣ. ನನಗಂತೂ ಇಂಥ ಚಿತ್ರ ನೋಡಿದಾಗಲೆಲ್ಲ ಅವರದೇ ನೆನಪು ಜಾಸ್ತಿ.