ಅಮೆರಿಕದಲ್ಲಿ ಪೈಲಟ್ ತರಬೇತಿ: ವೀಸಾ ಒಂದೇ ಸಾಲದು

ಪ್ರಶ್ನೆ: ನನ್ನ ಮಗ ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾನೆ. ಚಿಕ್ಕಂದಿನಿಂದಲೂ ಪೈಲಟ್ ಆಗಬೇಕೆಂಬ ಆಸೆ. ಫ್ಲೋರಿಡಾದ ಒಂದು ಫ್ಲೈಯಿಂಗ್ ಸ್ಕೂಲಿಗೆ ಸೇರಿಸಲು ಏಜೆಂಟರೊಬ್ಬರ ಜೊತೆ ಮಾತಾಡಿದ್ದೇವೆ. ವಿದ್ಯಾರ್ಥಿ ವೀಸಾಕ್ಕೆ ಕಾಯುವುದು ಬೇಡ, ಪ್ರವಾಸಿ ವೀಸಾದಲ್ಲೇ ಹೋಗಿ ಹಾರಾಟ ಶುರು ಮಾಡಲಿ, ಆಮೇಲೆ ಅಲ್ಲೇ ವೀಸಾ ಬದಲಿಸಿಕೊಂಡರಾಯಿತು ಎಂದು ಅವರು ಹೇಳುತ್ತಾರೆ. ಟಿಎಸ್‌ಎ ಕ್ಲಿಯರೆನ್ಸ್ ಎಂಬುದನ್ನು ಸ್ಕೂಲಿನವರೇ ಮಾಡಿಸುತ್ತಾರಂತೆ. ಮಗನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ. ಇದರಿಂದ ತೊಂದರೆಯಾದೀತೇ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಏಜೆಂಟರು ಹೇಳಿದ್ದರಲ್ಲಿ ವೀಸಾದ ಮಾತು ಪೂರ್ತಿ ತಪ್ಪು, ಕ್ಲಿಯರೆನ್ಸಿನ ಮಾತು ಅರ್ಧ ಸತ್ಯ. ಪ್ರವಾಸಿ ವೀಸಾದಲ್ಲಿ ಹೋಗಿ ಪೈಲಟ್ ಕೋರ್ಸ್ ಮಾಡುವಂತಿಲ್ಲ. ಅಲ್ಲಿ ವೀಸಾ ಸ್ಥಿತಿ ಬದಲಾವಣೆಗೆ ಅರ್ಜಿ ಹಾಕಿದರೂ ಅದು ಮಂಜೂರಾಗುವ ಮೊದಲು ಪಾಠ ಆರಂಭಿಸುವಂತಿಲ್ಲ. ಟಿಎಸ್‌ಎ, ಅಂದರೆ ಅಮೆರಿಕದ ಸಾರಿಗೆ ಭದ್ರತಾ ಆಡಳಿತ, ಕೊಡುವ ಅನುಮತಿಯ ಕೆಲಸದಲ್ಲಿ ಸ್ಕೂಲಿಗೂ ಪಾಲಿದೆ ಎಂಬುದು ನಿಜ, ಆದರೆ ಅರ್ಜಿದಾರ ನಿಮ್ಮ ಮಗ, ಅದರಲ್ಲಿ ಬರೆದ ಪ್ರತಿಯೊಂದು ಅಕ್ಷರಕ್ಕೂ ಅವನೇ ಹೊಣೆ.

ಈ ನಿಯಮ ಏಕೆ ಇಷ್ಟು ಬಿಗಿಯಾಗಿದೆ ಎಂಬುದನ್ನು ತಿಳಿದುಕೊಂಡರೆ ಏಜೆಂಟರ ಸಲಹೆ ಎಷ್ಟು ಅಪಾಯದ್ದು ಎಂಬುದು ತಾನಾಗಿ ಅರ್ಥವಾಗುತ್ತದೆ. 2001ರ ಸೆಪ್ಟೆಂಬರ್ 11ರಂದು ವಿಮಾನಗಳನ್ನು ಅಪಹರಿಸಿ ನಡೆಸಿದವರಲ್ಲಿ ಮೊಹಮ್ಮದ್ ಅಟ್ಟಾ, ಮರ್ವಾನ್ ಅಲ್ ಶೆಹ್ಹಿ ಮತ್ತು ಜಿಯಾದ್ ಜರ್ರಾ ಮೂವರೂ 2000ನೇ ಇಸವಿಯಲ್ಲಿ ಅಮೆರಿಕಕ್ಕೆ ಬಂದದ್ದು ಸಂದರ್ಶಕರ ವೀಸಾದಲ್ಲಿ. ಮೂವರೂ ಫ್ಲೋರಿಡಾದ ವೆನಿಸ್ ಎಂಬ ಊರಿನಲ್ಲಿ ವಿಮಾನ ನಡೆಸುವುದನ್ನು ಕಲಿತರು. ಅಟ್ಟಾ ಮತ್ತು ಶೆಹ್ಹಿ ತರಬೇತಿ ಶುರುವಾದ ಮೇಲೆ ವಿದ್ಯಾರ್ಥಿ ವೀಸಾ ಸ್ಥಿತಿಗೆ ಅರ್ಜಿ ಹಾಕಿದರು, ಜರ್ರಾ ಅದನ್ನೂ ಮಾಡಲಿಲ್ಲ. ದಾಳಿ ನಡೆದು ಆರು ತಿಂಗಳಾದ ಮೇಲೆ, 2002ರ ಮಾರ್ಚಿನಲ್ಲಿ, ಆ ಇಬ್ಬರ ವೀಸಾ ಬದಲಾವಣೆ ಮಂಜೂರಾಗಿದೆ ಎಂಬ ಕಾಗದ ಅವರು ಕಲಿತ ಸ್ಕೂಲಿಗೆ ಅಂಚೆಯಲ್ಲಿ ಬಂತು. ಇಡೀ ದೇಶ ತಲೆತಗ್ಗಿಸುವಂತಾದ ಆ ಕಾಗದದ ನಂತರ, ಮರುತಿಂಗಳೇ, ಸಂದರ್ಶಕರ ವೀಸಾದಲ್ಲಿ ಬಂದವರು ಸ್ಥಿತಿ ಬದಲಾವಣೆ ಮಂಜೂರಾಗುವವರೆಗೆ ಯಾವ ಕೋರ್ಸನ್ನೂ ಆರಂಭಿಸಬಾರದೆಂಬ ನಿಯಮ ಬಂತು. ಏಜೆಂಟರು ನಿಮ್ಮ ಮಗನಿಗೆ ತೋರಿಸುತ್ತಿರುವುದು ಅಂದು ಮುಚ್ಚಿದ ಆ ದಾರಿಯನ್ನೇ. ಯಾವ ದುರುದ್ದೇಶವೂ ಇಲ್ಲದ ಹುಡುಗನೊಬ್ಬ ಆ ದಾರಿಯಲ್ಲಿ ಕಾಲಿಟ್ಟರೆ ಅಧಿಕಾರಿಗಳ ಕಣ್ಣಿಗೆ ಹೇಗೆ ಕಂಡಾನು ಎಂಬುದನ್ನು ಯೋಚಿಸಿ.

ಆದ್ದರಿಂದ ನಿಮ್ಮ ಮಗನಿಗೆ ಎರಡು ಪ್ರತ್ಯೇಕ ಅನುಮತಿಗಳು ಬೇಕು, ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಮೊದಲನೆಯದು ವೀಸಾ. ಬರೀ ಪೈಲಟ್ ತರಬೇತಿ ಕೊಡುವ ಸ್ಕೂಲಾದರೆ ಸಾಮಾನ್ಯವಾಗಿ ಎಂ-1, ಕಾಲೇಜು ಪದವಿಯೊಡನೆ ತರಬೇತಿ ಇದ್ದರೆ ಎಫ್-1. ಎರಡಕ್ಕೂ ಆ ಸ್ಕೂಲು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅಲ್ಲಿನ ಸರ್ಕಾರದ ಮಾನ್ಯತೆ ಪಡೆದಿರಬೇಕು ಮತ್ತು ಪ್ರವೇಶ ಕೊಟ್ಟಿರುವುದನ್ನು ದೃಢಪಡಿಸುವ ಐ-20 ಪತ್ರವನ್ನು ನಿಮ್ಮ ಮಗನ ಹೆಸರಿಗೆ ಕೊಡಬೇಕು. ಎಂ-1 ಬಗ್ಗೆ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಿ: ಅಮೆರಿಕದಲ್ಲಿದ್ದುಕೊಂಡು ಅದನ್ನು ಎಫ್-1ಗೆ ಬದಲಿಸಲಾಗದು, ಅಸಾಧಾರಣ ಕಾರಣವಿಲ್ಲದೆ, ಮೊದಲ ಆರು ತಿಂಗಳ ನಂತರ ಸ್ಕೂಲು ಬದಲಾಯಿಸಲೂ ಆಗದು. ಮನೆ ಪತ್ರ ಅಡವಿಟ್ಟು ಸಾಲ ತೆಗೆದ ಮೇಲೆ ಸ್ಕೂಲು ಸರಿಯಿಲ್ಲವೆಂದು ಗೊತ್ತಾದರೆ ಹುಡುಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಸ್ಕೂಲಿನ ಆಯ್ಕೆಯನ್ನು ಏಜೆಂಟರ ಕೈಗೆ ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಇನ್ನೊಂದು ಹೊಸ ಸಂಗತಿಯೂ ಇದೆ. 2025ರ ಜೂನ್‌ನಿಂದ ಎಫ್ ಮತ್ತು ಎಂ ವೀಸಾದ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಅಮೆರಿಕ ಕೇಳುತ್ತಿದೆ. ಐದು ವರ್ಷಗಳಲ್ಲಿ ಬಳಸಿದ ಖಾತೆಗಳ ಹೆಸರನ್ನೂ ಅರ್ಜಿಯಲ್ಲಿ ಬರೆಯಬೇಕು. ಮರೆತುಹೋದ ಹಳೆಯ ಖಾತೆಯನ್ನೂ ಮಗ ನೆನಪು ಮಾಡಿಕೊಂಡು ಬರೆಯಲಿ.

ಎರಡನೆಯದು ಟಿಎಸ್‌ಎ ಅನುಮತಿ. 2001ರ ಕಾನೂನು 12,500 ಪೌಂಡ್, ಅಂದರೆ ಸುಮಾರು 5,670 ಕಿಲೋ ಹಾಗೂ ಅದಕ್ಕೂ ಮಿಕ್ಕ ತೂಕದ ವಿಮಾನಗಳ ತರಬೇತಿಗೆ ಮಾತ್ರ ಪರಿಶೀಲನೆ ವಿಧಿಸಿತ್ತು. 2003ರ ಕೊನೆಗೆ ಬಂದ ಕಾನೂನು ಈ ಕೆಲಸವನ್ನು ಟಿಎಸ್‌ಎಗೆ ವಹಿಸಿ, ಸಣ್ಣ ವಿಮಾನಗಳನ್ನೂ ಒಳಗೆ ತಂದಿತು. ಆದ್ದರಿಂದ ನಿಮ್ಮ ಮಗ ಮೊದಲ ದಿನ ಹತ್ತುವ, ತುಂಬಿದ ತೂಕ 1,200 ಕಿಲೋ ಕೂಡ ದಾಟದ ಸೆಸ್ನಾ 172ಕ್ಕೂ ಈ ಅನುಮತಿ ಬೇಕು. 2004ರಿಂದ ಮಧ್ಯಂತರ ನಿಯಮದಲ್ಲಿ ನಡೆಯುತ್ತಿದ್ದ ವ್ಯವಸ್ಥೆಗೆ 2024ರ ಮೇ ತಿಂಗಳಲ್ಲಿ ಅಂತಿಮ ನಿಯಮ ಪ್ರಕಟವಾಗಿ, ಜುಲೈ 30ರಿಂದ ಜಾರಿಗೆ ಬಂತು. ಮೊದಲು ಪ್ರತಿಯೊಂದು ಹಂತದ ತರಬೇತಿಗೂ ಬೇರೆ ಬೇರೆ ಪರಿಶೀಲನೆ, ಬೇರೆ ಬೇರೆ ಶುಲ್ಕವಿತ್ತು. ಈಗ ಒಮ್ಮೆ 140 ಡಾಲರ್ ಕಟ್ಟಿ ಪರಿಶೀಲನೆ ಮುಗಿಸಿದರೆ ಅದು ಗರಿಷ್ಠ ಐದು ವರ್ಷ ಬರುತ್ತದೆ. ಅಮೆರಿಕದಲ್ಲಿ ಇರಲು ಸಿಕ್ಕ ಅನುಮತಿ ಅದಕ್ಕೂ ಮೊದಲೇ ಮುಗಿದರೆ ಇದೂ ಅಂದಿಗೇ ಮುಗಿಯುತ್ತದೆ. ಹಳೆಯ ಪುಸ್ತಕ ಅಥವಾ ವಿಡಿಯೊ ನೋಡಿ ಯಾರಾದರೂ ಪ್ರತಿ ಹಂತಕ್ಕೂ ಶುಲ್ಕ ಕಟ್ಟಬೇಕೆಂದರೆ ಅದು ಹಿಂದಿನ ನಿಯಮದ ಮಾತು.

ಕ್ರಮ ಹೀಗಿದೆ. ಹುಡುಗ ಟಿಎಸ್‌ಎ ಪೋರ್ಟಲಿನಲ್ಲಿ ತನ್ನದೇ ಖಾತೆ ತೆರೆದು ಪಾಸ್‌ಪೋರ್ಟ್, ವೀಸಾ, ಹಿಂದೆ ಬಳಸಿದ ಬೇರೆ ಹೆಸರುಗಳು ಮತ್ತು ಕಳೆದ ಐದು ವರ್ಷ ವಾಸವಿದ್ದ ವಿಳಾಸಗಳನ್ನು ತುಂಬಬೇಕು. ಸ್ಕೂಲು ತನ್ನ ಕಡೆಯಿಂದ ಅವನನ್ನು ವಿದ್ಯಾರ್ಥಿಯೆಂದು ಒಪ್ಪಿಕೊಂಡು ಯಾವ ತರಬೇತಿ, ಯಾವಾಗ, ಎಲ್ಲಿ ಎಂಬುದನ್ನು ದಾಖಲಿಸಬೇಕು. ಬೆರಳಚ್ಚನ್ನು ಟಿಎಸ್‌ಎ ಒಪ್ಪಿದ ಕೇಂದ್ರದಲ್ಲೇ ಕೊಡಬೇಕು. ವೀಸಾ ಸಂದರ್ಶನಕ್ಕೆ ಕೊಟ್ಟ ಬೆರಳಚ್ಚು ಇಲ್ಲಿ ಲೆಕ್ಕಕ್ಕಿಲ್ಲ. ಅಪರಾಧ ದಾಖಲೆ, ಭಯೋತ್ಪಾದನೆಯ ಶಂಕಿತರ ಪಟ್ಟಿ, ವಲಸೆ ಸ್ಥಿತಿ ಈ ಮೂರನ್ನೂ ನೋಡಿದ ಮೇಲೆ ಅರ್ಹನೆಂಬ ತೀರ್ಮಾನ ಬರುತ್ತದೆ, ಅಲ್ಲಿಯವರೆಗೆ ವಿಮಾನವನ್ನಾಗಲಿ ಸಿಮ್ಯುಲೇಟರನ್ನಾಗಲಿ ಮುಟ್ಟುವಂತಿಲ್ಲ. ತರಗತಿಯಲ್ಲಿ ಕೂತು ಹವಾಮಾನ, ನ್ಯಾವಿಗೇಷನ್ ಓದಲು ಅಡ್ಡಿಯಿಲ್ಲ, ಹಾಗಾಗಿ ಆ ಕಾಯುವ ದಿನಗಳು ವ್ಯರ್ಥವಾಗಬೇಕಿಲ್ಲ. ತೀರ್ಮಾನ ಬಂದ 180 ದಿನಗಳೊಳಗೆ ತರಬೇತಿ ಆರಂಭವಾಗಬೇಕು, ಆರಂಭವಾದ ಹಂತ 365 ದಿನಗಳಲ್ಲಿ ಮುಗಿಯಬೇಕು, ಇಲ್ಲವಾದರೆ ಸ್ಕೂಲು ಹೊಸದಾಗಿ ಕೋರಿಕೆ ಸಲ್ಲಿಸಬೇಕಾಗುತ್ತದೆ. ತರಬೇತಿಗೆ ಬಂದ ಹುಡುಗನೂ ಅನುಮತಿ ಪಡೆದ ಹುಡುಗನೂ ಒಬ್ಬನೇ ಎಂದು ಖಚಿತಪಡಿಸಲು, ಆರಂಭವಾದ ಐದು ಕೆಲಸದ ದಿನಗಳಲ್ಲಿ ಸ್ಕೂಲು ಅವನ ಫೋಟೊ ತೆಗೆದು ಕಳಿಸಬೇಕು. ಮೊದಲ ಲೈಸೆನ್ಸ್, ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್, ಒಂದಕ್ಕಿಂತ ಹೆಚ್ಚು ಎಂಜಿನ್‌ನ ವಿಮಾನಕ್ಕೆ ಮಲ್ಟಿ ಎಂಜಿನ್ ರೇಟಿಂಗ್, ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಇವೆಲ್ಲ ಬೇರೆ ಬೇರೆ ಹಂತಗಳು. ಶುಲ್ಕ ಮತ್ತೆ ಕಟ್ಟಬೇಕಿಲ್ಲವಾದರೂ ಪ್ರತಿ ಹಂತವನ್ನೂ ಸ್ಕೂಲು ಪೋರ್ಟಲಿನಲ್ಲಿ ತಿಳಿಸಲೇಬೇಕು.

ಇನ್ನು ಹೆಸರಿನ ವಿಷಯ. ಇದನ್ನು ಸಣ್ಣದೆಂದು ಬಿಡಬೇಡಿ, ನಮ್ಮ ಕಡೆಯ ಮಕ್ಕಳಿಗೆ ನಾನು ಕಂಡಂತೆ ಅತಿ ಹೆಚ್ಚು ಕಾಟ ಕೊಡುವುದು ಇದೇ. ಊರು, ತಂದೆಯ ಹೆಸರನ್ನು ಇನಿಷಿಯಲ್ ಮಾಡಿಕೊಂಡು ತನ್ನ ಹೆಸರೊಂದನ್ನೇ ಪೂರ್ತಿ ಬರೆಯುವ ನಮ್ಮ ರೂಢಿ ಅಮೆರಿಕದ ಅರ್ಜಿಗಳಿಗೆ ಹೊಂದುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಕೆ. ಆರ್. ಎಂದಿರುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾದ್ದರಿಂದ ಅಲ್ಲಿ ಕಡೂರು ರಾಮಪ್ಪ ಮಂಜುನಾಥ ಎಂದಾಗಿ, ಇಡೀ ಹೆಸರು ಗಿವನ್ ನೇಮ್ ಜಾಗದಲ್ಲಿ ಕೂತು, ಸರ್‌ನೇಮ್ ಖಾಲಿ ಉಳಿಯುತ್ತದೆ. ಅಮೆರಿಕದ ವೀಸಾದಲ್ಲಿ ಆ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹಾರಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬರುತ್ತದೆ. ಹೆಸರು ಗೊತ್ತಿಲ್ಲ ಎಂಬುದು ಅದರ ಅರ್ಥ. ಈಗ ಐ-20, ವೀಸಾ, ಟಿಎಸ್‌ಎ ಅರ್ಜಿ, ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಕೊಡುವ ಲೈಸೆನ್ಸ್, ಕೊನೆಗೆ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ದಾಖಲೆ, ಒಂದೊಂದರಲ್ಲೂ ಒಬ್ಬನೇ ಹುಡುಗ ಒಂದೊಂದು ಹೆಸರಿನವನಾಗುತ್ತಾನೆ. ಪರಿಶೀಲನೆ ಮಾಡುವುದು ಹೆಸರನ್ನು ಹಿಡಿದೇ ಆದ್ದರಿಂದ ಪ್ರತಿಯೊಂದು ವ್ಯತ್ಯಾಸವೂ ಒಂದು ವಿಳಂಬ, ಒಂದು ವಿವರಣೆ. ಐ-20ಗೆ ಕೇಳುವ ಮೊದಲೇ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ ಗಿವನ್ ನೇಮ್ ಮತ್ತು ಸರ್‌ನೇಮ್ ಎರಡನ್ನೂ ತುಂಬಿಸಿ. ನಂತರದ ಎಲ್ಲ ಅರ್ಜಿಗಳಲ್ಲೂ ಅಕ್ಷರ ಬಿಡದೆ ಅದನ್ನೇ ಬರೆಯಿಸಿ. ಅಂಕಪಟ್ಟಿಯ ಹೆಸರು ಬೇರೆಯಿದ್ದರೆ ಟಿಎಸ್‌ಎ ಅರ್ಜಿಯ ‘ಇತರ ಹೆಸರುಗಳು’ ಎಂಬಲ್ಲಿ ಅದನ್ನು ಮುಚ್ಚಿಡದೆ ಕೊಡಿ, ಎರಡೂ ಹೆಸರು ಒಬ್ಬನದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ ಜೊತೆಗಿಡಿ.

ವಿಳಾಸದಲ್ಲೂ ಇದೇ ಎಚ್ಚರ ಬೇಕು. ಪಿಯುಸಿಗಾಗಿ ಎರಡು ವರ್ಷ ಮಂಗಳೂರಿನ ಹಾಸ್ಟೆಲಿನಲ್ಲಿದ್ದರೆ ಅದೂ ವಾಸದ ವಿಳಾಸವೇ. ‘ಖಾಯಂ ವಿಳಾಸ ಸಾಕು’ ಎಂದುಕೊಂಡು ಬಿಟ್ಟರೆ ಆ ಎರಡು ವರ್ಷ ಖಾಲಿ ಕಾಣುತ್ತದೆ.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಾರಾಂತ್ಯದಲ್ಲಿ ಹವ್ಯಾಸಕ್ಕಾಗಿ ಹಾರಾಟ ಕಲಿಯುವ ಮನಸ್ಸಿದೆ. ಇಲ್ಲೇ ಎಂಟು ವರ್ಷದಿಂದ ಇರುವ ನನಗೂ ಈ ನಿಯಮ ಅನ್ವಯಿಸುತ್ತದೆಯೇ? ಗ್ರೀನ್ ಕಾರ್ಡ್ ಇರುವ ಗೆಳೆಯ ತನಗೆ ಬೇಕಿಲ್ಲ ಎನ್ನುತ್ತಾನೆ.

ಉತ್ತರ: ನಿಮಗೂ ಬೇಕು, ನಿಮ್ಮ ಗೆಳೆಯರಿಗೂ ಬೇಕು. ಈ ನಿಯಮ ನೋಡುವುದು ಪೌರತ್ವವನ್ನು, ವಾಸದ ಅವಧಿಯನ್ನಲ್ಲ. ಅಮೆರಿಕದ ಪ್ರಜೆಯಾದವರು ಪಾಸ್‌ಪೋರ್ಟನ್ನೋ ಜನನ ಪ್ರಮಾಣಪತ್ರವನ್ನೋ ತೋರಿಸಿ ಮುಂದುವರಿಯಬಹುದು. ಗ್ರೀನ್ ಕಾರ್ಡ್ ಇರುವವರು ಪ್ರಜೆಗಳಲ್ಲವಾದ್ದರಿಂದ ಅವರೂ ಟಿಎಸ್‌ಎ ಪರಿಶೀಲನೆಗೆ ಒಳಗಾಗಬೇಕು. ಆದರೆ ನೀವು ಎಂ-1 ಪಡೆಯಬೇಕಿಲ್ಲ. ಎಚ್-1ಬಿ ಕೆಲಸವನ್ನು ಬಿಡದೆ, ಅದರ ಬದಿಯಲ್ಲಿ ಹವ್ಯಾಸಕ್ಕೆಂದು ಕಲಿಯುವುದಕ್ಕೆ ನಿಮ್ಮ ಸ್ಥಿತಿ ಅಡ್ಡಿಯಲ್ಲ. ನಿಮ್ಮ ಮನಸ್ಸು ಇನ್ನೂ ಗಟ್ಟಿಯಾಗಿಲ್ಲವಾದರೆ, ಸ್ಕೂಲುಗಳು ಪರಿಚಯಕ್ಕಾಗಿ ಒಮ್ಮೆ ಕರೆದೊಯ್ಯುವ ಪ್ರದರ್ಶನ ಹಾರಾಟಕ್ಕೆ ಈ ಅನುಮತಿ ಬೇಕಿಲ್ಲ, ಮೊದಲು ಅದನ್ನು ಮಾಡಿ ನೋಡಿ. ನಂತರ ಕಲಿಯಲು ಹೊರಟರೆ, ದೊಡ್ಡ ಸ್ಕೂಲಿನ ಬದಲು ಪರಿಚಯದ ಶಿಕ್ಷಕರೊಬ್ಬರ ಬಳಿ ಖಾಸಗಿಯಾಗಿ ಕಲಿತರೂ ನಿಯಮ ಅದೇ. ಆ ಶಿಕ್ಷಕರೂ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು, ನಿಮ್ಮ ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ‘ನಾಲ್ಕು ಪಾಠ ಆದಮೇಲೆ ಕಾಗದ ನೋಡೋಣ’ ಎನ್ನುವ ಶಿಕ್ಷಕರು ಸಿಕ್ಕರೆ ನಯವಾಗಿ ಕೈಮುಗಿದು ಬೇರೆಯವರನ್ನು ಹುಡುಕಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ನಿಮಗೆ ಭದ್ರತಾ ನಿಯಮದ ಉಲ್ಲಂಘನೆಯಲ್ಲಿ ಹೆಸರು ಸೇರುವುದು ಬೇಡದ ಹೊರೆ.

ಪ್ರಶ್ನೆ: ಅಮೆರಿಕದ ತಾಪತ್ರಯವೇ ಬೇಡವೆಂದು ಬೇರೆ ದೇಶಕ್ಕೆ ಹೋದರೆ ಇಂಥ ನಿಯಮಗಳು ಇರುವುದಿಲ್ಲವೇ? ಅಮೆರಿಕದಲ್ಲೇ ಕಲಿತು ವಾಪಸಾದ ಮೇಲೆ ಅಲ್ಲಿನ ನಿಯಮದ ಹಂಗು ತೀರುತ್ತದೆಯೇ?
— ಹುಬ್ಬಳ್ಳಿಯ ವಿದ್ಯಾರ್ಥಿನಿ

ಉತ್ತರ: ಇರುತ್ತವೆ, ರೂಪ ಬೇರೆ. ಆಸ್ಟ್ರೇಲಿಯಾದಲ್ಲಿ ಪೈಲಟ್ ಲೈಸೆನ್ಸ್ ಬಳಸಲು ಎವಿಐಡಿ ಅಥವಾ ಎಎಸ್‌ಐಸಿ ಎಂಬ ಭದ್ರತಾ ತಪಾಸಣೆ ಮುಗಿಸಿರಬೇಕು. ಕೆನಡಾದಲ್ಲಿ ಕೋರ್ಸು ಆರು ತಿಂಗಳು ಮೀರಿದರೆ ಸ್ಟಡಿ ಪರ್ಮಿಟ್ ಬೇಕು. ನಿಯಮಕ್ಕೆ ಹೆದರಿ ದೇಶ ಬದಲಿಸುವುದು ಸರಿಯಾದ ಲೆಕ್ಕಾಚಾರವೆಂದು ನನಗೆ ಅನಿಸುವುದಿಲ್ಲ. ಹವಾಮಾನ, ಖರ್ಚು, ಡಿಜಿಸಿಎ ಕೇಳುವ 200 ಗಂಟೆಗಳ ಹಾರಾಟವನ್ನು ಆ ಸ್ಕೂಲು ನಿಜವಾಗಿ ಎಷ್ಟು ತಿಂಗಳಲ್ಲಿ ಮುಗಿಸುತ್ತದೆ ಎಂಬುದನ್ನು ನೋಡಿ ಆಯ್ಕೆ ಮಾಡಿ. ವಿದೇಶದ ಯಾವ ಅನುಮತಿಯೂ ಬೇಡವೆನಿಸಿದರೆ ನಮ್ಮಲ್ಲೇ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆಯಿದೆ, ನಿಮ್ಮ ಮಗ್ಗುಲಿನ ಬೆಳಗಾವಿಯಲ್ಲಿ ಹಾಗೂ ಕಲಬುರಗಿಯಲ್ಲಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲಾಗಿದೆ. ಅವನ್ನು ವಿಚಾರಿಸದೆ ವಿಮಾನ ಹತ್ತಬೇಡಿ.

ಎಲ್ಲಿಗೆ ಹೋದರೂ ಡಿಜಿಸಿಎ ಪರೀಕ್ಷೆ ಬರೆಯಲು ಬೇಕಾದ ಕಂಪ್ಯೂಟರ್ ನಂಬರ್ ಮತ್ತು ಕ್ಲಾಸ್ 1 ವೈದ್ಯಕೀಯ ಪರೀಕ್ಷೆಯನ್ನು ಹೊರಡುವ ಮೊದಲೇ ಮುಗಿಸಿ. ವಾಪಸು ಬಂದ ಮೇಲೆ ನಿಮ್ಮ ಲೈಸೆನ್ಸ್ ಅಸಲಿಯೇ ಎಂಬುದನ್ನು ಡಿಜಿಸಿಎ ಅದನ್ನು ಕೊಟ್ಟ ದೇಶದ ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳುತ್ತದೆ, ಆಗಲೂ ಮೊದಲ ಉತ್ತರದಲ್ಲಿ ಹೇಳಿದ ಹೆಸರಿನ ಸಮಸ್ಯೆ ಎದುರಾಗುತ್ತದೆ. ಅಮೆರಿಕದ ನಿಯಮದ ಹಂಗು ವಾಪಸಾದ ಕೂಡಲೇ ತೀರುವುದೂ ಇಲ್ಲ. ವಿದೇಶದ ವಿಳಾಸವಷ್ಟೇ ಇದ್ದು ಎಫ್‌ಎಎ ಲೈಸೆನ್ಸ್ ಹೊಂದಿರುವವರು ಅಮೆರಿಕದಲ್ಲಿ ತಮ್ಮ ಪರವಾಗಿ ನೋಟಿಸು ಪಡೆಯಲು ಒಬ್ಬ ಪ್ರತಿನಿಧಿಯ ಹೆಸರು, ವಿಳಾಸ ಕೊಟ್ಟಿರಬೇಕೆಂಬ ನಿಯಮ ಹೊಸ ಅರ್ಜಿದಾರರಿಗೆ 2025ರ ಜನವರಿ 6ರಿಂದಲೂ ಈಗಾಗಲೇ ಲೈಸೆನ್ಸ್ ಇದ್ದವರಿಗೆ ಅದೇ ವರ್ಷದ ಜುಲೈ 7ರಿಂದಲೂ ಜಾರಿಯಲ್ಲಿದೆ. ಹಾಗೆ ಕೊಡದಿದ್ದರೆ ಆ ಲೈಸೆನ್ಸಿನ ಹಕ್ಕುಗಳನ್ನು ಬಳಸುವಂತಿಲ್ಲ. ಹುಬ್ಬಳ್ಳಿಯ ಮನೆ ವಿಳಾಸವನ್ನು ಎಫ್‌ಎಎ ದಾಖಲೆಯಲ್ಲಿ ಬರೆಸುವ ದಿನವೇ ಈ ಪ್ರತಿನಿಧಿಯ ವಿವರವನ್ನೂ ತುಂಬಿಬಿಡಿ.